ಮಂಡಿಗೆ ಮಂಜೂರಾತಿ

ವಿಲೆ ಪಾರ್ಲೆ ಪೂರ್ವದಲ್ಲಿ ಫಿಸಿಯೋಥೆರಪಿಸ್ಟ್ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರು ಈ ಸ್ಟೇಷನ್ನಿನಲ್ಲಿ ಇಳಿದವರೇ ಅಲ್ಲ. ಹನುಮಾನ್ ರಸ್ತೆ, ನೆಹರೂ ರಸ್ತೆ, ಸುಭಾಷ್ ರಸ್ತೆ, ಎಲ್ಲಿ ನಡೆದರೂ ಹಳೇ ಕಟ್ಟಡಗಳ ತಳಮಹಡಿಯಲ್ಲಿ ಮೂರು ಬಗೆಯ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ: ಔಷಧಿ ಅಂಗಡಿ, ಪೋಳಿ-ಭಾಜಿ ಕೇಂದ್ರ, ಫಿಸಿಯೋಥೆರಪಿ ಕ್ಲಿನಿಕ್. ಮೂರಕ್ಕೂ ಗಿರಾಕಿಗಳು ಒಂದೇ ಪ್ರಾಯದವರು. ಮಕ್ಕಳು ಪುಣೆಗೋ ಸಿಂಗಾಪುರಕ್ಕೋ ಹೋಗಿಯಾಗಿದೆ. ಅಡುಗೆಯ ಉಮೇದೂ ಮೆಟ್ಟಿಲು ಹತ್ತುವ ತ್ರಾಣವೂ ಒಟ್ಟೊಟ್ಟಿಗೆ ಇಳಿದಿವೆ. ಇಂಥವರ ಕಿಸೆಯಲ್ಲಿ ಯಾವುದಾದರೊಂದು ಸರಕಾರಿ ಕಾರ್ಡು ಇದ್ದೇ ಇರುತ್ತದೆ. ಆ ಕಾರ್ಡನ್ನು ಮೂರನೆಯ ಬೋರ್ಡಿನ ಕೆಳಗೆ ನಿಂತು ತೋರಿಸಿದಾಗ ಕಷ್ಟ ಶುರುವಾಗುತ್ತದೆ.

ನಾನು ತೋರಿಸಿದೆ. "ಕಾರ್ಡ್ ಚಾಲತೆ ಕಾ?" ಎಂದು ಕೇಳಿದೆ. ಕೌಂಟರಿನ ಹುಡುಗಿ ಬಲು ಉತ್ಸಾಹದಿಂದ, "ಹೋ ಕಾಕಾ, ಕ್ರೆಡಿಟ್, ಡೆಬಿಟ್ ದೋನ್ಹೀ ಚಾಲತಾತ್" ಎಂದಳು. ನಾನು ಸೀಜಿಎಚ್‌ಎಸ್ ಕಾರ್ಡನ್ನು ಮೇಜಿನ ಮೇಲಿಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಯಂತ್ರಕ್ಕೆ ತೂರಿಸುವ ಜಾಗ ಕಾಣದೆ, ಮೆಲ್ಲಗೆ ಕ್ಯೂಆರ್ ಕೋಡಿನ ಫಲಕವನ್ನು ನನ್ನ ಕಡೆ ಸರಿಸಿದಳು. ಸೀಜಿಎಚ್‌ಎಸ್ ಎಂಬ ಕೇಂದ್ರ ಸರಕಾರದ ಆರೋಗ್ಯ ಯೋಜನೆ ದಿಲ್ಲಿಯಲ್ಲಿ ಶುರುವಾದದ್ದು 1954ರಲ್ಲಿ, ಮುಂಬಯಿಗೆ ಬಂದದ್ದು 1963ರಲ್ಲಿ. ಅಷ್ಟು ಹಿರಿಯ ಯೋಜನೆಯನ್ನು ಇಪ್ಪತ್ತೆರಡರ ಹುಡುಗಿಗೆ ಪರಿಚಯ ಮಾಡಿಸುವ ಧೈರ್ಯ ನನಗೆ ಬರಲಿಲ್ಲ.

ಮಂಡಿ ನನ್ನದಲ್ಲ, ನನ್ನಾಕೆಯದು. ಬಲಗಾಲಿನದು. ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ, ಮನೆ ಎರಡನೆಯ ಮಹಡಿ. ಹತ್ತಿಳಿದು ಹತ್ತಿಳಿದು ಸವೆದ ಆ ಸಂದನ್ನು ತೆಗೆದು ಲೋಹದ್ದನ್ನು ಹಾಕಿಸಬೇಕಾಯಿತು. ಹೇಳಿದರೆ ನಂಬಬೇಕು, ಅಷ್ಟು ದೊಡ್ಡ ಕೆಲಸ ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ಸೀಜಿಎಚ್‌ಎಸ್ ಪಟ್ಟಿಯಲ್ಲಿರುವ ಆಸ್ಪತ್ರೆ, ದವಾಖಾನೆಯಿಂದ ಒಂದು ಚೀಟಿ, ಪಿಂಚಣಿದಾರರೆಂದು ನಗದುರಹಿತ ವ್ಯವಸ್ಥೆ. ಮಂಡಿಯ ಬೆಲೆಗೂ ಈಗ ಕಡಿವಾಣವಿದೆ. 2017ರ ಆಗಸ್ಟಿನಲ್ಲಿ ಔಷಧ ಬೆಲೆ ಪ್ರಾಧಿಕಾರ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ 54,720 ರೂಪಾಯಿಯ ಮಿತಿ ಹಾಕಿದಾಗ ದೇಶದ ಪೇಪರುಗಳೆಲ್ಲ ಮುಖಪುಟದಲ್ಲಿ ಬರೆದಿದ್ದವು. ಲೋಹಕ್ಕೆ ಬೆಲೆ ನಿಗದಿಯಾಯಿತು. ಆ ಲೋಹವನ್ನು ಬಗ್ಗಿಸಿ ನಡೆಸುವ ಕೆಲಸದ ಬಗ್ಗೆ ಯಾವ ಪೇಪರೂ ಏನೂ ಬರೆದ ನೆನಪಿಲ್ಲ.

ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಹಾಳೆಯ ಕೊನೆಯ ಸಾಲಿನಲ್ಲಿ ಎರಡೇ ಪದ: "ಫಿಸಿಯೋ ಮುಂದುವರಿಸಿ." ಎಲ್ಲಿ, ಯಾರಿಂದ, ಎಷ್ಟು ದಿನ, ಯಾರ ದುಡ್ಡಿನಲ್ಲಿ ಎನ್ನುವುದೊಂದೂ ಇಲ್ಲ. ಅದುವರೆಗೆ ಮಂಡಿ ಸರಕಾರದ ಜವಾಬ್ದಾರಿಯಾಗಿತ್ತು. ಆಂಬುಲೆನ್ಸ್ ಗೇಟು ದಾಟಿದ ಕೂಡಲೇ ನಮ್ಮದಾಯಿತು.

ಪೂರ್ತಿ ನಮ್ಮದಲ್ಲ, ನಿಜ. ನಿಯಮ ಇದೆ. ಮೂವತ್ತು ವರ್ಷ ಕಡತಗಳ ನಡುವೆ ಕೂತವನಿಗೆ ನಿಯಮ ಹುಡುಕುವುದು ಒಂದು ಸುಖ. ಮಂಡಿ ಬದಲಿಸಿಕೊಂಡವರಿಗೆ ತಜ್ಞ ವೈದ್ಯರು ಬರೆದುಕೊಟ್ಟರೆ ಮನೆಗೆ ಬಂದು ಮಾಡಿಸುವ ಫಿಸಿಯೋಥೆರಪಿಗೆ ಎರಡು ವಾರದ ಮಟ್ಟಿಗೆ ದುಡ್ಡು ಮರಳಿ ಕೊಡುತ್ತಾರೆ. ಲಕ್ವ ಹೊಡೆದವರಿಗೆ ಆರು ವಾರ. ಕೊಡುವುದು ದರಪಟ್ಟಿಯಲ್ಲಿ ಇದ್ದಷ್ಟೇ. ಪಾರ್ಲೆಯಲ್ಲಿ ಐನೂರಕ್ಕೆ ಕಡಿಮೆ ಮಾತಾಡುವವರಿಲ್ಲ, ಮನೆಗೆ ಬರುವುದಾದರೆ ಅದಕ್ಕೂ ಮೇಲೆ. ದರಪಟ್ಟಿ ಬರೆದವರು ಪಾರ್ಲೆಯ ಬಾಡಿಗೆ ಕೇಳಿ ಬರೆದವರಲ್ಲ.

"ಎರಡು ವಾರ ಅಂದ್ರೆ?" ಎಂದಳು ನನ್ನಾಕೆ. ಟವಲಿನ ಸುರುಳಿಯನ್ನು ಮಂಡಿಯ ಕೆಳಗಿಟ್ಟು ಅದನ್ನು ಒತ್ತುವ ವ್ಯಾಯಾಮದಲ್ಲಿದ್ದಳು.

"ಹದಿನಾಲ್ಕು ದಿನ."

"ಹದಿನೈದನೇ ದಿನ ಮಂಡಿಗೆ ನೀವೇ ಹೇಳಿ, ಅವಧಿ ಮುಗೀತು ಅಂತ."

ಮಂಡಿ ಕೇಳುವುದಿಲ್ಲ. ಶಸ್ತ್ರಕ್ರಿಯೆಯಾದ ಮೇಲೆ ತೊಡೆಯ ಮುಂಭಾಗದ ಸ್ನಾಯು ಮುನಿಸಿಕೊಂಡು ಕೂರುತ್ತದೆ. ಕಾಲೆತ್ತು ಎಂದರೆ ಎತ್ತುವುದಿಲ್ಲ. ಒಳಗೆ ಗಾಯ ಮಾಯುವಾಗ ಹುಟ್ಟುವ ಅಂಗಾಂಶ ದಿನದಿಂದ ದಿನಕ್ಕೆ ಬಿಗಿಯುತ್ತದೆ. ಮೊದಲ ವಾರಗಳಲ್ಲಿ ಬಗ್ಗಿಸದೆ ಬಿಟ್ಟರೆ ಆಮೇಲೆ ಬಗ್ಗಿಸುವುದು ಭಾರೀ ಕಷ್ಟ. ಹಾಗೆಂದು ಮೊದಲ ವಾರಗಳಲ್ಲೇ ಮುಗಿಯುವ ಕೆಲಸವೂ ಅಲ್ಲ. ಮೆಟ್ಟಿಲಿಗೆ ಧೈರ್ಯವಾಗಿ ಕಾಲಿಡಲು ತಿಂಗಳುಗಳು ಬೇಕು. ಕುರ್ಚಿಯಿಂದ ಕೈ ಊರದೆ ಏಳಬೇಕಾದರೆ ತೊಂಬತ್ತು ಡಿಗ್ರಿ ಸಾಲದು, ಇನ್ನೂ ಸ್ವಲ್ಪ ಬೇಕು. ಆ ಸ್ವಲ್ಪವೇ ಹೆಚ್ಚು ನೋವಿನದು, ನಿಯಮದ ಎರಡು ವಾರ ಮುಗಿಯುವುದೂ ಸುಮಾರಿಗೆ ಅದರ ಹೊಸ್ತಿಲಲ್ಲಿ.

ಕೊನೆಗೆ ನಮಗೆ ಸಿಕ್ಕವಳು ಮೂರು ಕಟ್ಟಡ ಆಚೆ ಕ್ಲಿನಿಕ್ ಇಟ್ಟ ಮರಾಠಿ ಹುಡುಗಿ. ಒಂದು ಕೋಣೆ, ಪರದೆ ಎಳೆದ ಎರಡು ಮಂಚ, ಗೋಡೆಗೆ ಭುಜ ತಿರುಗಿಸುವ ಚಕ್ರ, ಮೂಲೆಯಲ್ಲಿ ಮೇಣ ಕರಗಿಸುವ ಪೆಟ್ಟಿಗೆ, "ಕರೆಂಟ್ ಕೊಡುವ" ಯಂತ್ರ. ಇಷ್ಟೇ ಆಸ್ತಿ. ಸಹಾಯಕಿ ಇಲ್ಲ. ಬೆಳಿಗ್ಗೆ ಮನೆಮನೆಗೆ ಸ್ಕೂಟರಿನಲ್ಲಿ, ಸಂಜೆ ಕ್ಲಿನಿಕ್ಕಿನಲ್ಲಿ. ನನ್ನಾಕೆಯನ್ನು ಕಾಕೂ ಎನ್ನುತ್ತಿದ್ದಳು. "ಕಾಕೂ, ಅಜೂನ್ ಥೋಡಂ" ಎನ್ನುತ್ತ ನಗುತ್ತಲೇ ಬಗ್ಗಿಸುತ್ತಿದ್ದಳು. ಇವಳು ಕುಂದಾಪುರದ ಕನ್ನಡದಲ್ಲಿ ಹೇಳುತ್ತಿದ್ದ ಮಾತುಗಳು ಅವಳಿಗೆ ಅರ್ಥವಾಗದಿದ್ದದ್ದು ಇಬ್ಬರ ಸ್ನೇಹಕ್ಕೂ ಒಳ್ಳೆಯದಾಯಿತು.

ಒಂದು ದಿನ ಚಹಾ ಕುಡಿಯುವಾಗ ಕೇಳಿದೆ: ನೀನು ಯಾಕಮ್ಮ ಸರಕಾರಿ ಕಾರ್ಡು ತೆಗೆದುಕೊಳ್ಳಬಾರದು? ಪಟ್ಟಿಗೆ ಸೇರಬಾರದು?

ಅವಳು ಬೆರಳು ಮಡಚಲಿಲ್ಲ, ಒಂದೊಂದೇ ಬಿಸ್ಕತ್ತು ಚಹಾಕ್ಕದ್ದಿ ಹೇಳಿದಳು. ಪಟ್ಟಿ ಇರುವುದು ಆಸ್ಪತ್ರೆಗಳ ಅಳತೆಗೆ. ಅರ್ಜಿ, ಠೇವಣಿ, ತಪಾಸಣೆ ಎಲ್ಲ ಅದೇ ಅಳತೆಯವು, ಎರಡು ಮಂಚದವಳಿಗೆ ಅಲ್ಲ. ಸೇರಿದರೂ ಹಣ ಬರುವುದು ಯಾವಾಗಲೋ. ಬಾಡಿಗೆ ಪ್ರತಿ ತಿಂಗಳ ಐದನೇ ತಾರೀಕು. ಆಮೇಲೆ ಅವಳು ಹೇಳಿದ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ಕಾಕಾ, ಆಪರೇಶನ್ ಮಾಡಿದವರು ಮುಂಚಿನ ಎಕ್ಸ್‌ರೇ, ಆಮೇಲಿನ ಎಕ್ಸ್‌ರೇ ಎರಡೂ ಕಳಿಸ್ತಾರೆ. ಒಳಗೆ ಲೋಹ ಕಾಣ್ತದೆ, ದುಡ್ಡು ಮಂಜೂರು. ನಾನು ಏನು ಕಳಿಸಲಿ? ಕಾಕೂ ನಿನ್ನೆ ಹಾಲಿನ ಚೀಲ ತರಲಿಕ್ಕೆ ಕೆಳಗೆ ಇಳಿದರು ಅಂತ ಫೋಟೋ ತೆಗೆಯಲಾ?"

ನಮ್ಮ ವಿಮೆಗಳೆಲ್ಲ ಹಾಸಿಗೆ ಲೆಕ್ಕದಲ್ಲಿ ಯೋಚಿಸುತ್ತವೆ ಎಂಬುದು ನನಗೆ ಅಲ್ಲಿಂದ ಹೊಳೆಯತೊಡಗಿತು. ಮಲಗಿದರೆ ಕೊಡುತ್ತವೆ, ಎದ್ದು ನಡೆಯಲು ಹೊರಟರೆ ಕೈ ಬಿಗಿ ಹಿಡಿಯುತ್ತವೆ. ನಮ್ಮ ಕೆಳಮನೆಯ ಆಜಿಯ ಕತೆ ಕೇಳಿ. 2024ರ ಅಕ್ಟೋಬರ್ ಕೊನೆಯಲ್ಲಿ ಎಪ್ಪತ್ತು ದಾಟಿದವರಿಗೆಲ್ಲ, ವರಮಾನ ಎಷ್ಟೇ ಇರಲಿ, ಆಯುಷ್ಮಾನ್ ವಯ ವಂದನಾ ಕಾರ್ಡು ಎಂದು ಘೋಷಣೆಯಾಯಿತಲ್ಲ, ಆಗ ಆಧಾರ್ ತೋರಿಸಿ ಮೊದಲ ಸಾಲಿನಲ್ಲೇ ಕಾರ್ಡು ಮಾಡಿಸಿಕೊಂಡವರು ಅವರು. ವರ್ಷಕ್ಕೆ ಐದು ಲಕ್ಷ! ಕಾರ್ಡನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದರು. ಸೊಂಟ ಹಿಡಿದಾಗ ಅದೇ ಕುಂಕುಮದ ಕಾರ್ಡು ಹಿಡಿದು ತಳಮಹಡಿಯ ಕ್ಲಿನಿಕ್ಕಿಗೆ ಹೋದರು. ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ ಮಾತ್ರ, ಬಿಟ್ಟ ಮೇಲೆ ಹದಿನೈದು ದಿನದವರೆಗೆ ಅದೇ ಕಾಯಿಲೆಯ ಖರ್ಚು, ಅದು ಕೂಡ ಅದೇ ಆಸ್ಪತ್ರೆಯ ಪ್ಯಾಕೇಜಿನ ಒಳಗೆ ಎಂದು ನಾನು ವಿವರಿಸಿದೆ. ಆಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಮ್ಹಣಜೇ, ಸೊಂಟ ಮುರಿದರೆ ಐದು ಲಕ್ಷ, ಮುರಿಯದ ಹಾಗೆ ನೋಡಿಕೊಂಡರೆ ಏನಿಲ್ಲ?" ಎಂದರು. ಇದಕ್ಕೆ ಕಡತದಲ್ಲಿ ಉತ್ತರ ಇಲ್ಲ.

ಸೋಜಿಗವೆಂದರೆ ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದೇ ಸರಕಾರದ ಬಾಗಿಲಿಂದ, ಅದೂ ಮುಂಬಯಿಯ ಬಾಗಿಲಿಂದ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಪೋಲಿಯೋ ಹೊಡೆದ ಮಕ್ಕಳು ನಗರದ ಆಸ್ಪತ್ರೆಗಳಿಗೆ ಬರುತ್ತಿದ್ದ ಕಾಲ. 1950ರ ದಶಕದ ಆರಂಭದಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಕೇಂದ್ರ ಸರಕಾರ, ಮುಂಬಯಿ ಮಹಾನಗರಪಾಲಿಕೆ, ವಿಶ್ವ ಆರೋಗ್ಯ ಸಂಸ್ಥೆ ಮೂರೂ ಸೇರಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ತೆರೆದವು. 1955ರಲ್ಲಿ ಹಾಜಿ ಅಲಿಯ ಬಳಿ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಬಂತು; ಇವತ್ತಿಗೂ ಕೇಂದ್ರ ಸರಕಾರದ್ದು, ಇವತ್ತಿಗೂ ಅಲ್ಲಿ ಕೃತಕ ಕಾಲು ಕಟ್ಟಿಕೊಡುತ್ತಾರೆ, ನಡೆಯಲು ಕಲಿಸುತ್ತಾರೆ. ಆಗ ಬರುತ್ತಿದ್ದವರು ಮಿಲ್ಲಿನ ಕೆಲಸಗಾರರು, ಬಡವರ ಮಕ್ಕಳು. ಎಪ್ಪತ್ತು ವರ್ಷಗಳಲ್ಲಿ ಅದೇ ವಿದ್ಯೆ ಪಾರ್ಲೆಯ ತಳಮಹಡಿಗೆ ಬಂದು ಕ್ಯೂಆರ್ ಕೋಡಿನ ಹಿಂದೆ ಕೂತಿದೆ. ಯಾರನ್ನು ದೂರುವುದು? ಎರಡು ಮಂಚದ ಹುಡುಗಿಯನ್ನಂತೂ ಅಲ್ಲ.

ಹಾಗಾದರೆ ಸರಕಾರದ್ದೇ ಜಾಗಕ್ಕೆ ಹೋಗಬಾರದೇ? ಹೋಗಬಹುದು. ಕಾರ್ಡೇ ಬೇಡ. ಪಾರ್ಲೆ ಪಶ್ಚಿಮದ ಕೂಪರ್ ಆಸ್ಪತ್ರೆ ಪಾಲಿಕೆಯದು. ಕೇಸ್ ಪೇಪರ್ ಮಾಡಿಸಲು ಕೆಲವೇ ರೂಪಾಯಿ, ಫಿಸಿಯೋಥೆರಪಿ ವಿಭಾಗವೂ ಇದೆ. ನಮ್ಮ ಮನೆಗೆಲಸಕ್ಕೆ ಬರುವ ಬಾಯಿ ಕಳೆದ ಮಳೆಗಾಲದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗ ಅಲ್ಲಿಯೇ ಪ್ಲಾಸ್ಟರ್ ಹಾಕಿಸಿ, ಬಿಚ್ಚಿಸಿ, ಬೆರಳು ಮಡಚುವ ವ್ಯಾಯಾಮ ಕಲಿತು ಬಂದಳು. ಅವಳಿಗೆ ಯಾವ ವಿಮೆಯೂ ಇಲ್ಲ, ಇದ್ದಿದ್ದರೂ ಬೇಕಾಗುತ್ತಿರಲಿಲ್ಲ. ನನ್ನಾಕೆಗೆ ಮಾತ್ರ ಪೂರ್ವದಿಂದ ಪಶ್ಚಿಮಕ್ಕೆ ದಾಟುವುದೇ ದೊಡ್ಡ ಪ್ರವಾಸ. ಸ್ಟೇಷನ್ನಿನ ಸೇತುವೆ ಎಂದರೆ ಮೆಟ್ಟಿಲು. ರಿಕ್ಷಾದಲ್ಲಿ ಹೋಗುವುದಾದರೆ ಕ್ಯಾಪ್ಟನ್ ವಿನಾಯಕ ಗೋರೆ ಸೇತುವೆ ಸುತ್ತಬೇಕು. ಪಕ್ಕದ ಅಂಧೇರಿಯ ಗೋಖಲೆ ಸೇತುವೆಯನ್ನು 2022ರ ನವೆಂಬರಿನಲ್ಲಿ ಮುಚ್ಚಿದ ಮೇಲೆ ಆ ಕಡೆಯ ಗಾಡಿಗಳೂ ಗೋರೆ ಸೇತುವೆಗೇ ನುಗ್ಗಿದ ಕಾಲವನ್ನು ಪಾರ್ಲೆಯವರು ಮರೆಯಲಾರರು.

ಆ ಗೋಖಲೆ ಸೇತುವೆಯ ಕತೆ ಗೊತ್ತಿರಬೇಕು ನಿಮಗೆ. 2024ರ ಫೆಬ್ರವರಿಯಲ್ಲಿ ಹೊಸ ಸೇತುವೆಯ ಒಂದು ಭಾಗ ತೆರೆದರು. ನೋಡಿದರೆ ಅದಕ್ಕೂ ಅದನ್ನು ಸೇರಬೇಕಾದ ಬರ್ಫಿವಾಲಾ ಮೇಲ್ಸೇತುವೆಗೂ ಆಳೆತ್ತರದ ಅಂತರ. ಊರೆಲ್ಲ ನಕ್ಕಿತು. ಆಮೇಲೆ ಹಳೇ ಸೇತುವೆಯ ತುದಿಗೆ ಜ್ಯಾಕ್ ಕೊಟ್ಟು, ಇಷ್ಟಿಷ್ಟೇ ಎತ್ತಿ, ಅಡಿಗೆ ಆಧಾರ ಕಟ್ಟಿ, ಕೆಲವು ತಿಂಗಳಲ್ಲಿ ಎರಡನ್ನೂ ಕೂಡಿಸಿದರು. ನನ್ನಾಕೆಯ ಮಂಡಿಗೆ ಆ ಹುಡುಗಿ ಮಾಡುತ್ತಿದ್ದದ್ದೂ ಅದೇ ಕೆಲಸ. ಕಟ್ಟುವವರು ಕಟ್ಟಿ ಉದ್ಘಾಟನೆ ಮಾಡಿಸಿ ಹೋಗುತ್ತಾರೆ; ದಿನಕ್ಕಿಷ್ಟು ಎತ್ತಿ ಕೂಡಿಸುವವರು ಬೇರೆ ಇರಬೇಕು. ಸೇತುವೆಯ ಜ್ಯಾಕಿಗೆ ಪಾಲಿಕೆ ದುಡ್ಡು ಕೊಟ್ಟಿತು, ಎರಡು ವಾರಕ್ಕೆ ನಿಲ್ಲಿಸಲಿಲ್ಲ.

ಫಿಸಿಯೋಥೆರಪಿಯನ್ನು ನಿಜವಾಗಿ ಲೆಕ್ಕಕ್ಕೆ ಹಿಡಿದ ವಿಮೆ ಒಂದಿದೆ, ಆದರೆ ಅದು ನಮ್ಮಂಥವರದಲ್ಲ. ಅದನ್ನು ನನಗೆ ತಿಳಿಸಿದವರು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಲ್ಲುವ ಅಣ್ಣ. ಬೈಂದೂರು ಕಡೆಯವರು. ಇಪ್ಪತ್ತೈದು ವರ್ಷದಿಂದ ಅದೇ ಬಲಗೈಯಲ್ಲಿ ಹಿಟ್ಟು ಹರಡಿ, ಎಣ್ಣೆ ಬಿಟ್ಟು, ಎಬ್ಬಿಸಿ, ಮಡಚಿ ಕೊಟ್ಟವರು. ಒಂದು ದಿನ ದೋಸೆ ಬರುವುದು ತಡವಾಯಿತು. ಇಣುಕಿ ನೋಡಿದರೆ ಎಡಗೈಯಲ್ಲಿ ಎಬ್ಬಿಸುತ್ತಿದ್ದಾರೆ.

"ಎಂತ ಆಯ್ತು ಅಣ್ಣ?"

"ಭುಜ ಹಿಡಿದಿದೆ ಮಾರಾಯ್ರೆ. ಕೈ ಮೇಲೆ ಹೋಗೂದಿಲ್ಲ. ಅಂಗಿ ಹಾಕ್ಲಿಕ್ಕೂ ಮಾಣಿ ಬೇಕು."

ತಿಂಗಳಿಗೆ 21,000 ರೂಪಾಯಿ ಒಳಗೆ ಸಂಬಳ ಇರುವ ಕೆಲಸಗಾರರಿಗೆ ಇಎಸ್‌ಐ ಎಂಬ ವಿಮೆ ಇದೆ. ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಾರೆ, ಮಾಲೀಕ ಮೂರೂಕಾಲು ಹಾಕಬೇಕು. 1948ರ ಕಾನೂನಿನಿಂದ ಬಂದದ್ದು ಅದು. ಬರೆದವರಿಗೆ ಕೆಲಸಗಾರನ ದೇಹ ಏನೆಂದು ಗೊತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಮಲಗಿದರೆ ಮಾತ್ರ ಎಂಬ ಷರತ್ತು ಅದಕ್ಕಿಲ್ಲ. ಹೊರರೋಗಿಯಾಗಿ ಹೋದರೂ ಚಿಕಿತ್ಸೆ, ಔಷಧಿ, ಫಿಸಿಯೋಥೆರಪಿ. ವೈದ್ಯರು ಬರೆದುಕೊಟ್ಟು ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ ಎಪ್ಪತ್ತರಷ್ಟು. ಸೀಜಿಎಚ್‌ಎಸ್ ಕಾರ್ಡು ಹಿಡಿದ ನನಗೆ ದೋಸೆ ಹೊಯ್ಯುವವರ ಮೇಲೆ ಹೊಟ್ಟೆಕಿಚ್ಚಾದದ್ದು ಅದೇ ಮೊದಲು.

ಹೊಟ್ಟೆಕಿಚ್ಚು ಹೆಚ್ಚು ಹೊತ್ತು ಉಳಿಯಲಿಲ್ಲ. ಪಾರ್ಲೆಗೆ ಹತ್ತಿರದ ಇಎಸ್‌ಐ ಆಸ್ಪತ್ರೆ ಅಂಧೇರಿಯ ಮರೋಳದಲ್ಲಿತ್ತು. 2018ರ ಡಿಸೆಂಬರ್ 17ರಂದು ಅದಕ್ಕೆ ಬೆಂಕಿ ಬಿದ್ದು ಜನ ಸತ್ತರು, ಕಟ್ಟಡ ವರ್ಷಗಟ್ಟಲೆ ಮುಚ್ಚಿತ್ತು. ಈ ಭಾಗದ ಕೆಲಸಗಾರರು ಕಾಂದಿವಲಿಗೆ ಹೋಗುವುದು ರೂಢಿಯಾಯಿತು. ಅಣ್ಣನೂ ಕಾಂದಿವಲಿಗೇ ಹೊರಟರು. ಅಂಧೇರಿ, ಜೋಗೇಶ್ವರಿ, ರಾಮ್ ಮಂದಿರ್, ಗೋರೆಗಾಂವ್, ಮಲಾಡ್, ಆಮೇಲೆ ಕಾಂದಿವಲಿ. ಬೆಳಗಿನ ನಾಷ್ಟಾದ ಗಲಾಟೆಗೆ ಅವರು ಕಾವಲಿಯ ಮುಂದೆ ಇರಲೇಬೇಕು. ಫಿಸಿಯೋಥೆರಪಿ ವಿಭಾಗ ತೆರೆದಿರುವುದೂ ಹಗಲು. ರಜೆ ಹಾಕಬಹುದಲ್ಲ, ಎಪ್ಪತ್ತರಷ್ಟು ಕೊಡುತ್ತಾರಲ್ಲ ಎಂದರೆ, "ಜಾಗ?" ಎಂದರು. ಮೂರು ತಿಂಗಳು ಕಾವಲಿ ಬಿಟ್ಟರೆ ಇನ್ನೊಬ್ಬರು ಬಂದು ನಿಲ್ಲುತ್ತಾರೆ, ಕಾಯಿದೆ ಏನೇ ಹೇಳಲಿ, ಆ ಭಯ ಹೋಗುವುದಿಲ್ಲ.

ಇನ್ನೊಂದು ತಮಾಷೆ ಅವರೇ ಹೇಳಿದ್ದು. ಭುಜ ಹಿಡಿದವನು ಲೋಕಲಿನಲ್ಲಿ ಹೋಗುವುದು ಹೇಗೆ? ನೇತಾಡುವ ಹಿಡಿಕೆಗೆ ಕೈ ಎಟಕಬೇಕಲ್ಲ. ಮೊದಮೊದಲು ಎಡಗೈಯಲ್ಲಿ ಹಿಡಿದು ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತರು. ಆಸ್ಪತ್ರೆಯಲ್ಲಿ ಗೋಡೆಯ ಮೇಲೆ ಬೆರಳು ನಡೆಸಿ ಮೇಲೇರಿಸುವ ವ್ಯಾಯಾಮ ಕಲಿಸಿದ ಮೇಲೆ ಅದನ್ನೇ ಡಬ್ಬಿಯ ಕಂಬದ ಮೇಲೆ ಮಾಡತೊಡಗಿದರು. ಬೆರಳು ಹಂತಹಂತವಾಗಿ ಏರುವುದನ್ನು ನೋಡಿ ಪಕ್ಕದವರು ಕಿಸೆ ಮುಟ್ಟಿ ನೋಡಿಕೊಂಡು ದೂರ ಸರಿಯುತ್ತಿದ್ದರಂತೆ. "ಜಾಗ ಆಗ್ತಿತ್ತು ಮಾರಾಯ್ರೆ, ಒಳ್ಳೇದೇ ಆಯ್ತು." ಹೋಗಲು ಆಗದ ದಿನ ಅಡುಗೆಮನೆಯ ಬಾಗಿಲಿನ ಚೌಕಟ್ಟೇ ಅವರ ಆಸ್ಪತ್ರೆ. ಈಗ ಕೈ ಕಿವಿಯ ಮಟ್ಟಕ್ಕೆ ಬರುತ್ತದೆ. ಮಸಾಲೆ ದೋಸೆಗೆ ಸಾಕು, ಮೇಲಿನ ಕಪಾಟಿನ ತುಪ್ಪದ ಡಬ್ಬಕ್ಕೆ ಸಾಲದು.

ನಮ್ಮ ಹದಿನಾಲ್ಕು ದಿನದ ಬಿಲ್ಲುಗಳನ್ನು ನಾನು ಇಲಾಖೆಯ ಶಿಸ್ತಿನಿಂದಲೇ ತಯಾರಿಸಿದೆ. ತಜ್ಞರ ಸಲಹಾಚೀಟಿ, ಬಿಡುಗಡೆಯ ಹಾಳೆ, ದಿನದ ರಸೀದಿ, ಒಂದೊಂದರ ಮೇಲೂ ಫಿಸಿಯೋಥೆರಪಿಸ್ಟಿನ ನೋಂದಣಿ ಸಂಖ್ಯೆ. ಮಹಾರಾಷ್ಟ್ರದಲ್ಲಿ ಇವರಿಗೆ ಪ್ರತ್ಯೇಕ ಪರಿಷತ್ತು ಇದೆ, ಕಾನೂನೂ ಇದೆ. ಆ ಸಂಖ್ಯೆ ಇಲ್ಲದ ರಸೀದಿಯನ್ನು ಯಾವ ಗುಮಾಸ್ತನೂ ಒಪ್ಪಬೇಕಾಗಿಲ್ಲ, ನಾನಾಗಿದ್ದರೂ ಒಪ್ಪುತ್ತಿರಲಿಲ್ಲ. ಹುಡುಗಿ ತನ್ನದೊಂದು ಸೇರಿಸಿದಳು: ಕೋನ ಅಳೆಯುವ ಪಟ್ಟಿ ಹಿಡಿದು ಆ ದಿನ ಮಂಡಿ ಎಷ್ಟು ಬಗ್ಗಿತು ಎನ್ನುವುದನ್ನು ರಸೀದಿಯ ಮೂಲೆಯಲ್ಲಿ ಬರೆದಳು. ಎಕ್ಸ್‌ರೇ ಇಲ್ಲದಿದ್ದರೇನು, ಇದಾದರೂ ಇರಲಿ ಎಂದು. ಯಾರೂ ಕೇಳಿರಲಿಲ್ಲ. ನನಗೆ ಮಾತ್ರ ಆ ಅಂಕಿಗಳನ್ನು ನೋಡುವುದು ಪಿಂಚಣಿಯ ಪಾಸ್‌ಬುಕ್ ನೋಡುವುದಕ್ಕಿಂತ ಖುಷಿಯಾಯಿತು.

ಹಣ ಬಂತು. ದರಪಟ್ಟಿಯಷ್ಟೇ, ಕೊಟ್ಟದ್ದಕ್ಕಿಂತ ಕಡಿಮೆಯೇ, ಆದರೆ ಬಂತು. ಹದಿನೈದನೆಯ ದಿನದಿಂದ ನಮ್ಮ ಕೈಯದು. ದಿನಾ ಬರುವುದನ್ನು ದಿನ ಬಿಟ್ಟು ದಿನ ಮಾಡಿದೆವು, ಆಮೇಲೆ ವಾರಕ್ಕೊಮ್ಮೆ, ನಡುವೆ ನಾನೇ ಎದುರು ಕೂತು ಎಣಿಸುವ ಕೆಲಸ. "ನೀವು ಹತ್ತು ಎಣಿಸುವುದು ನಿಧಾನ" ಎಂಬ ಆಕ್ಷೇಪಣೆ ಲಿಖಿತ ರೂಪದಲ್ಲಿ ಬರಲಿಲ್ಲ ಅಷ್ಟೇ.

ಮರಳಿ ಬಂದ ಹಣ ತನ್ನದು, ಏಕೆಂದರೆ ಮಂಡಿ ತನ್ನದು ಎಂದಳು ನನ್ನಾಕೆ. ವಾದಕ್ಕೆ ಜಾಗವಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಊರಿಗೆ ಹೋಗಲು ಮತ್ಸ್ಯಗಂಧಾದಲ್ಲಿ ಕೆಳಗಿನ ಬರ್ತು ಕಾದಿರಿಸಿದೆವು. ಗಂಟೆಗೊಮ್ಮೆ ಎದ್ದು ಡಬ್ಬಿಯುದ್ದಕ್ಕೂ ನಡೆಯಬೇಕು ಎಂದು ಹುಡುಗಿ ಕರಾರು ಹಾಕಿದ್ದಳು. ಇವಳು ನಡೆದಳು, ಪ್ರತಿ ಸುತ್ತಿನಲ್ಲೂ ಯಾರದಾದರೂ ಸೀಟಿನ ತುದಿಯಲ್ಲಿ ಕೂತು ಸುಧಾರಿಸಿಕೊಂಡಳು. ರತ್ನಾಗಿರಿ ಬರುವ ಹೊತ್ತಿಗೆ ಡಬ್ಬಿಯ ಅರ್ಧ ಜನರ ಮಂಡಿ, ಸೊಂಟ, ಕುತ್ತಿಗೆಗಳ ಚರಿತ್ರೆ ಅವಳ ಬಳಿ ಜಮೆಯಾಗಿತ್ತು. ಒಬ್ಬರಿಗೆ ರೈಲ್ವೆಯ ಕಾರ್ಡು, ಒಬ್ಬರಿಗೆ ಬ್ಯಾಂಕಿನದು, ಇಬ್ಬರಿಗೆ ನಮ್ಮದೇ. ಎಲ್ಲರಿಗೂ ಅವಳು ಕೈ ಮಾಡಿ ತೋರಿಸುತ್ತಿದ್ದದ್ದು ನನ್ನನ್ನು: "ಅಲ್ಲಿ ಕಿಟಕಿ ಹತ್ರ ಕೂತಿದ್ದಾರಲ್ಲ, ಅವರನ್ನು ಕೇಳಿ. ಫಾರಂ ಅವರೇ ತುಂಬಿಸಿ ಕೊಡ್ತಾರೆ."